ನೋಡದೆ ಕೊಂಡ ‘ಹನ್ನೊಂದನೇ ಬೀಗ’

ಗುಬ್ಬಿಯ ನೀಲಾಂಬಿಕಾ ಟಾಕೀಸಿನ ಸಂಗಮೇಶನಿಗೆ ಇದ್ದ ಕಾಯಿಲೆ ಒಂದೇ. ಅವನಿಗೆ ಇಷ್ಟವಾದ ಸಿನಿಮಾ ಓಡುತ್ತಿರಲಿಲ್ಲ.

ಅವನು ಕನ್ನಡ ಎಂ.ಎ. ಓದಿದವನು. ತೆರೆಯ ಮೇಲೆ ಯಾರಾದರೂ ಸುಮ್ಮನೆ ಕಿಟಕಿಯಾಚೆ ನೋಡುತ್ತ ಕೂತರೆ ಸಾಕು, ಅವನ ಕೈ ಕರ್ಚೀಫಿಗೆ ಹೋಗುತ್ತಿತ್ತು. ಮೂರು ವರ್ಷದ ಹಿಂದೆ, ಮುದುಕ ಪೋಸ್ಟ್‌ಮ್ಯಾನ್ ಒಬ್ಬ ಎರಡು ಗಂಟೆ ಹೊತ್ತು ನಡೆದೇ ನಡೆಯುವ ಚಿತ್ರ ನೋಡಿ ಅದನ್ನು ಹಿಂಡುವಷ್ಟು ಅತ್ತು, ಆ ಚಿತ್ರವನ್ನೇ ಕೊಂಡು ತಂದಿದ್ದ. ಎರಡನೇ ದಿನ ಒಂಬತ್ತು ಜನ ಬಂದಿದ್ದರು. ಅವರಲ್ಲಿ ಮೂವರು ಬಿಸಿಲಿಗೆ ಹೆದರಿ ಬಂದವರು. ಹೀರೋ ಲುಂಗಿ ಎತ್ತಿ ಕಟ್ಟಿ ಲಾರಿಗೇ ಒದೆಯುವ ಇನ್ನೊಂದು ಚಿತ್ರವನ್ನು ಇಂಟರ್‌ವಲ್‌ಗೇ ಬಿಟ್ಟು ಎದ್ದು ಬಂದಿದ್ದ. ಅದು ಕುಣಿಗಲ್‌ನಲ್ಲಿ ಏಳು ವಾರ ಓಡಿತು. ಅಲ್ಲಿನ ಟಾಕೀಸಿನ ತಿಮ್ಮರಾಜು ಹಾಲ್‌ಗೆ ಹೊಸ ಸೀಟು ಹಾಕಿಸಿದ, ಸೀಟಿನ ಬಣ್ಣದ್ದೇ ಒಂದು ಕಾರನ್ನೂ ತಂದ.

ಸಂಗಮೇಶನ ಅಣ್ಣ ಮಹಾಲಿಂಗಯ್ಯನವರಿಗೆ ಪೇಟೆಯಲ್ಲಿ ಕೊಬ್ಬರಿ ಮಂಡಿ ಇತ್ತು. ಟಾಕೀಸಿನಲ್ಲಿ ಅರ್ಧ ಪಾಲೂ ಇತ್ತು. ಅದನ್ನು ಕೊಬ್ಬರಿ ಗೋಡೌನ್ ಮಾಡಬೇಕೆಂದು ಅವರು ಎರಡು ವರ್ಷದಿಂದ ಹೇಳುತ್ತಲೇ ಇದ್ದರು.

“ಕೊಬ್ಬರಿ ಯಾವತ್ತಾದ್ರೂ ಇಂಟರ್‌ವಲ್‌ನಲ್ಲಿ ಎದ್ದು ಹೋಗುತ್ತೇನೋ ಸಂಗ?” ಎಂದು ಕೇಳುತ್ತಿದ್ದರು.

ಕೊನೆಗೆ ಅಣ್ಣತಮ್ಮಂದಿರ ನಡುವೆ ಮಾತಾಯಿತು. ಇನ್ನೊಂದೇ ಸಿನಿಮಾ. ಎರಡು ವಾರ ಓಡಿದರೆ ಟಾಕೀಸು ಉಳಿಯುತ್ತದೆ. ಓಡದಿದ್ದರೆ ಸಂಗಮೇಶ ಬಾಯಿ ಮುಚ್ಚಿಕೊಂಡು ಬೀಗದ ಕೈ ಕೊಟ್ಟುಬಿಡಬೇಕು.

ಬುಧವಾರ ಬೆಳಿಗ್ಗೆ ತುಮಕೂರಿನ ಹಂಚಿಕೆದಾರ ಪರಮಶಿವಯ್ಯನವರ ಫೋನು ಬಂತು.

“ಸಂಗಮೇಶಪ್ಪಾ, ‘ಹನ್ನೊಂದನೇ ಬೀಗ’ ಅಂತ ಒಂದು ಡಾರ್ಕ್ ಥ್ರಿಲ್ಲರ್ ಬಂದದೆ. ಗುಬ್ಬಿ, ಕುಣಿಗಲ್ ಎರಡೂ ಸೇರಿಸಿ ಒಬ್ರಿಗೇ ಕೊಡೋದು. ಹನ್ನೊಂದು ಗಂಟೆಗೆ ಶೋ ಹಾಕ್ತಿದೀನಿ. ಬಂದು ನೋಡಿ, ಇಷ್ಟ ಆದ್ರೆ ತಗಳಿ.”

“ನೋಡಲ್ಲ ಸಾರ್. ಹಂಗೇ ತಗೋತೀನಿ.”

“ನೋಡ್ದೆ ಹೆಂಗ್ರೀ ತಗೋತೀರಾ? ಒಂದು ತೆಂಗಿನಕಾಯಿ ತಗೊಂಡ್ರೂ ಕಿವಿ ಹತ್ರ ಅಲ್ಲಾಡಿಸ್ತೀವಿ!”

“ಅಲ್ಲಾಡ್ಸಿ ಅಲ್ಲಾಡ್ಸಿ ತಗೊಂಡಿದ್ದೆಲ್ಲ ಕೆಟ್ಟೋಗಿತ್ತು ಸಾರ್.”

“ಅದೆಲ್ಲ ಆಗಲ್ಲ. ಶೋಗೆ ಬರ್ದೆ ಇದ್ದೋರ್ಗೆ ನಾನು ಸಿನಿಮಾ ಕೊಡಲ್ಲ. ಆಮೇಲೆ ಗೊತ್ತಿರ್ಲಿಲ್ಲ ಅಂತ ಆಫೀಸಿಗೆ ಬಂದು ಜಗಳ ಆಡ್ತೀರಾ. ಬನ್ನಿ, ಕೂತ್ಕಳಿ, ಆಮೇಲೆ ಮಾತು.”

ಸಂಗಮೇಶ ಫೋನಿಟ್ಟು ತನ್ನ ನಿರ್ಧಾರವನ್ನು ಹೆಂಡತಿ ಅನುಪಮಾಗೆ ಹೇಳಿದ. ಅವಳು ದೇವರ ಮುಂದೆ ಕೂತು ಹೂಬತ್ತಿ ಹೊಸೆಯುತ್ತಿದ್ದಳು. “ಹೋಗೋದೇನೋ ಹೋಗ್ತೀನಿ. ಆದ್ರೆ ನೋಡಲ್ಲ, ಕೇಳಲ್ಲ, ಕತೆ ಒಂದೆಳೆನೂ ತಲೇಗೆ ಬಿಟ್ಕೊಳಲ್ಲ. ನಂಗೆ ಇಷ್ಟ ಆಗೋಕೆ ಅವಕಾಶಾನೇ ಕೊಡಲ್ಲ. ಇಷ್ಟ ಆದ್ರೆ ಮುಗೀತು.”

“ಅಲ್ಲಾ ರೀ, ನನ್ನನ್ನೂ ನೋಡೇ ಒಪ್ಕಂಡ್ರಲ್ಲ. ಆಗ ನಾನು ನಿಮಗೆ ಇಷ್ಟ ಆಗಿದ್ನಾ, ಇಲ್ವಾ?”

ಎರಡು ಉತ್ತರಗಳಲ್ಲಿ ಯಾವುದನ್ನು ಹೇಳಿದರೂ ಆ ದಿನ ಊಟವಿಲ್ಲವೆಂದು ಸಂಗಮೇಶನಿಗೆ ಹೊಳೆಯಿತು. ಅವನು ಚಪ್ಪಲಿ ಹುಡುಕತೊಡಗಿದ. ಅನುಪಮಾ ನಕ್ಕು ಎರಡು ಉಂಡೆ ಹತ್ತಿ ಅವನ ಜೇಬಿಗೆ ಹಾಕಿದಳು. “ಕಿವಿಗಿಟ್ಕಳಿ. ಕಣ್ಣು ಮುಚ್ಕಂಡು ಕೂತ್ಕಳಿ. ದೇವ್ರು ದೊಡ್ಡೋನು.”

ತುಮಕೂರು ಬಸ್ಸಿನಲ್ಲಿ ಪಕ್ಕದ ಸೀಟಿಗೆ ಹಿಂದಿನ ಬೀದಿಯ ಶಕುಂತಲಮ್ಮ ಟೀಚರು ಬಂದು ಕೂತರು. ರಿಟೈರಾಗಿ ಎಂಟು ವರ್ಷವಾಗಿದ್ದರೂ ಯಾರಿಗಾದರೂ ಏನನ್ನಾದರೂ ಹೇಳಿಕೊಡದೆ ಅವರಿಗೆ ದಿನ ಹೋಗುತ್ತಿರಲಿಲ್ಲ.

“ಬೀಗದ ಸಿನಿಮಾ ತರಕ್ಕೆ ಹೊಂಟಿದೀಯಂತೆ? ಅನುಪಮಾ ಹೇಳಿದ್ಲು. ಅದ್ರಲ್ಲಿ ಮೇಕಪ್ ಮಾಡಿರೋದು ನಮ್ಮ ಮೊಮ್ಮಗಳೇ ಕಣಪ್ಪ. ಪೂರ್ತಿ ಕತೆ ಹೇಳವ್ಳೆ. ಕೊಲೆ ಮಾಡಿದ್ದು ಯಾರು ಗೊತ್ತಾ—”

“ಟೀಚರ್, ದಯವಿಟ್ಟು ಬೇಡ.”

“ನಾಚ್ಕೋಬೇಡ, ಕೇಳ್ಕೊ. ಉಪಯೋಗಕ್ಕೆ ಬರುತ್ತೆ. ಆ ಮನೇಲಿ ಐದು ಜನ ಇರ್ತಾರೆ—”

ಸಂಗಮೇಶ ಹತ್ತಿ ತೆಗೆದು ಕಿವಿಗೆ ತುರುಕಿಕೊಂಡ. ಶಕುಂತಲಮ್ಮ ದನಿ ಏರಿಸಿದರು. ಅರವತ್ತು ಮಕ್ಕಳ ಕ್ಲಾಸನ್ನು ಮೂವತ್ತು ವರ್ಷ ಆಳಿದ ಗಂಟಲು ಅದು, ಹತ್ತಿಗೆ ಬಗ್ಗಲಿಲ್ಲ. ಸಂಗಮೇಶ ಎದ್ದು ಕಂಡಕ್ಟರನ ಬೆನ್ನು ತಟ್ಟಿ ಮಲ್ಲಸಂದ್ರದಲ್ಲೇ ಇಳಿದುಬಿಟ್ಟ. ಬಸ್ಸು ಹೊರಟಾಗ ಕಿಟಕಿಯಿಂದ ಅವರ ತಲೆ ಹೊರಗೆ ಬಂತು.

“ಬೀಗ ರಿಪೇರಿಯವನು ಅಲ್ಲ ಕಣಪ್ಪಾ! ಎಲ್ಲಾರೂ ಅವನೇ ಅನ್ಕೋತಾರೆ!”

ಐವರಲ್ಲಿ ಒಬ್ಬನ ಗುಟ್ಟು ಹೋಯಿತು. ಉಳಿದ ನಾಲ್ವರನ್ನಾದರೂ ಕಾಪಾಡಿಕೊಳ್ಳಬೇಕೆಂದು ಸಂಗಮೇಶ ಆಟೋ ಹಿಡಿದ.

ಪರಮಶಿವಯ್ಯನವರ ಶೋ ನಡೆಯುತ್ತಿದ್ದದ್ದು ಅವರ ಆಫೀಸಿನ ಮೇಲಿನ ಪುಟ್ಟ ಹಾಲ್‌ನಲ್ಲಿ. ಹನ್ನೆರಡು ವರ್ಷದಿಂದ ಅಲ್ಲಿ ಸಂಗಮೇಶನಿಗೆ ಒಂದು ಮರ್ಯಾದೆ ಇತ್ತು. ಮೂರನೇ ಸಾಲಿನ ನಟ್ಟನಡುವಿನ ಸೀಟು ಅವನಿಗೇ ಮೀಸಲು. ಕೂತ ಕೂಡಲೇ ಕಾಫಿ. ಬೇರೆ ಟಾಕೀಸಿನವರು ಅವನ ಅಕ್ಕಪಕ್ಕ ಕೂರಲು ನೂಕಾಡುತ್ತಿದ್ದರು. ಈ ಧಂದೆಯಲ್ಲಿ ಓದಿಕೊಂಡವನಿಗೆ ಇಷ್ಟಾದರೂ ಬೆಲೆ ಇದೆಯಲ್ಲ ಎಂದು ಅವನಿಗೆ ಒಳಗೊಳಗೇ ಸಮಾಧಾನ.

ಅವತ್ತು ಕುಣಿಗಲ್ ತಿಮ್ಮರಾಜು ಪಕ್ಕದಲ್ಲೇ ಬಂದು ಕೂತ. “ಸಂದಾಕಿದೀರಾ ಸಾರ್?” ಎಂದು ಕೇಳಿ, ತೆರೆಗೆ ಬೆನ್ನು ಮಾಡಿದವನಂತೆ ಇವನ ಕಡೆಗೇ ತಿರುಗಿಕೊಂಡ.

ದೀಪ ಆರಿತು. ಸಂಗಮೇಶ ಹತ್ತಿಯನ್ನು ಇನ್ನಷ್ಟು ಒತ್ತಿ, ಕಣ್ಣುಗಳನ್ನು ಹೊಸ ಪರ್ಸಿನ ಜಿಪ್ಪಿನಂತೆ ಬಿಗಿಯಾಗಿ ಮುಚ್ಚಿದ. ಮೊದಮೊದಲು ಮಗ್ಗಿ ಹೇಳಿಕೊಂಡ. ಹದಿನೇಳರ ಮಗ್ಗಿಯಲ್ಲಿ ಸಿಕ್ಕಿಕೊಂಡ. ಗೋಡೌನಿನ ಚಿಂತೆಯಲ್ಲಿ ವಾರದಿಂದ ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ಹಾಲ್‌ನ ಏಸಿ ತಣ್ಣಗಿತ್ತು.

ಯಾರೋ ಭುಜ ಅಲ್ಲಾಡಿಸಿದಾಗ ದೀಪ ಹತ್ತಿತ್ತು. ತಿಮ್ಮರಾಜುವಿನ ಮುಖ ಲಗ್ನಪತ್ರಿಕೆಯಂತೆ ಕಳೆಗಟ್ಟಿತ್ತು. ಅವನು ಎರಡೇ ನೆಗೆತಕ್ಕೆ ಹಾಲ್‌ನ ಮೂಲೆಯಲ್ಲಿದ್ದ ಪರಮಶಿವಯ್ಯನವರ ಮೇಜಿನ ಮುಂದೆ ಹೋಗಿ ನಿಂತ.

“ಎರಡೂ ತಾಲ್ಲೂಕು ನಂಗೇ ಬರ್ಕಳಿ ಸಾರ್. ನೀವು ಹೇಳಿದ್ರ ಮೇಲೆ ಕಾಲು ಭಾಗ ಜಾಸ್ತಿ ಕೊಡ್ತೀನಿ.”

ಸಂಗಮೇಶ ಹತ್ತಿ ಕಿತ್ತುಕೊಂಡು ಹಿಂದೆಯೇ ಓಡಿದ. “ಸಾರ್, ಬೆಳಿಗ್ಗೇನೇ ಹೇಳಿದೀನಿ, ಅದು ನಂದು! ತಿಮ್ಮರಾಜು, ನಿಮಗೆ ಅಷ್ಟೊಂದು ಇಷ್ಟ ಆಯ್ತಾ?”

“ನಾನೆಲ್ಲಿ ನೋಡ್ದೆ ಸಾರ್? ನಾನು ನಿಮ್ಮ ಮುಖ ನೋಡ್ತಿದ್ದೆ.” ತಿಮ್ಮರಾಜುವಿಗೆ ಖುಷಿಯಲ್ಲಿ ನಾಲಗೆ ಹಿಡಿತ ತಪ್ಪಿತ್ತು. “ಆ ಲಾರಿಗೆ ಒದಿಯೋ ಸಿನ್ಮಾದಲ್ಲಿ ನೀವು ಬರೀ ಆಕಳಿಸಿದ್ರಿ. ಏಳು ವಾರ ಹೋಯ್ತು. ಇವತ್ತು ಗೊರಕೇನೇ ಹೊಡುದ್ರಲ್ಲ ಸ್ವಾಮಿ! ಇದು ಐವತ್ತು ದಿನಕ್ಕೆ ಕಮ್ಮಿ ಇಲ್ಲ ಬುಡಿ!”

ಹಾಲ್‌ನಲ್ಲಿದ್ದವರೆಲ್ಲ ಗೋಡೆ ಕಡೆ ನೋಡಿದರು. ಪರಮಶಿವಯ್ಯ ಕೆಮ್ಮಿದರು. ನಡುವಿನ ಸೀಟು, ಕಾಫಿ, ನೂಕುನುಗ್ಗಲು ಎಲ್ಲವೂ ಸಂಗಮೇಶನಿಗೆ ಒಂದೇ ಸಲ ಅರ್ಥವಾದವು. ಹನ್ನೆರಡು ವರ್ಷ ಅವನು ಅಲ್ಲಿ ಕೂತದ್ದು ಗಣ್ಯನಾಗಿ ಅಲ್ಲ, ಮಳೆ ಬರುವುದನ್ನು ಮೊದಲೇ ಹೇಳುವ ಕಪ್ಪೆಯಾಗಿ.

ಅವನಿಗೆ ಅಳು ಬಂತು. ಅದರ ಹಿಂದೆಯೇ ಹಟ ಬಂತು. “ನಾನು ಸಿನಿಮಾ ನೋಡ್ಲೇ ಇಲ್ಲ ಕಣ್ರೀ. ಬೇಕೂ ಅಂತ ಕಣ್ಣು ಮುಚ್ಚಿದ್ದೆ. ಇಲ್ನೋಡಿ ಹತ್ತಿ!”

“ಆಹಾ, ರೇಟು ಇಳ್ಸಕ್ಕೆ ಇದೊಂದು ಐಡಿಯಾ,” ಎಂದು ತಿಮ್ಮರಾಜು ನಕ್ಕ. ಇನ್ನಷ್ಟು ಏರಿಸಿದ.

ಸಂಗಮೇಶ ಅದರ ಮೇಲೆ ಏರಿಸಿದ. ತನ್ನ ನಿದ್ದೆಯ ಬೆಲೆಯನ್ನು ತಾನೇ ಕಟ್ಟಬೇಕಾಗಿ ಬಂದಿತ್ತು. ಬೆಳಿಗ್ಗೆ ಹೇಳಿದ್ದರ ಎರಡರಷ್ಟಕ್ಕೆ ಮುಟ್ಟಿದಾಗ ತಿಮ್ಮರಾಜು, “ಒಂದ್ನಿಮಿಷ, ಪಾರ್ಟ್ನರ್‌ಗೆ ಒಂದು ಮಾತು ಕೇಳ್ತೀನಿ,” ಎಂದು ಫೋನ್ ಹಿಡಿದು ಹೊರಗೆ ಹೋದ. ಪಾರ್ಟ್ನರ್ ಕುಣಿಗಲ್ ಕೆರೆ ಏರಿ ಮೇಲೆ ಎಲ್ಲೋ ಇದ್ದ, ಮಾತು ತುಂಡುತುಂಡಾಗಿ ಬರುತ್ತಿತ್ತು. “ಗೊರ್ಕೆ! ಗೊರ್ಕೆ ಕಣ್ಲಾ, ಹೂಂ, ಅವ್ರೇ, ಗುಬ್ಬಿಯೋರು!” ಎಂದು ತಿಮ್ಮರಾಜು ಕಿರುಚುತ್ತಿರುವಾಗಲೇ ಸಂಗಮೇಶ ಸೈನ್ ಹಾಕಿ ಮುಗಿಸಿದ.

ಸಿನಿಮಾದ ಹಾರ್ಡ್ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ಹೆರಿಗೆ ಆಸ್ಪತ್ರೆಯಿಂದ ಮಗು ತರುವವನಂತೆ ಎದೆಗೊತ್ತಿಕೊಂಡು, ನಾಲ್ಕು ಗಂಟೆಗೆ ಗುಬ್ಬಿಯಲ್ಲಿ ಇಳಿದ. ನೋಡಿಲ್ಲ, ಕೇಳಿಲ್ಲ. ಶುಕ್ರವಾರ ಬಿಡುಗಡೆ. ಗೆದ್ದೆ ಅಂದುಕೊಂಡ.

ನೀಲಾಂಬಿಕಾ ಟಾಕೀಸಿನ ಆಪರೇಟರ್ ಚಿಕ್ಕಹನುಮಯ್ಯನಿಗೆ ಒಂದು ಕಟ್ಟಳೆ ಇತ್ತು. ಹೊಸ ಸಿನಿಮಾ ಬಂದರೆ ಮೊದಲು ಒಮ್ಮೆ ಪೂರ್ತಿ ಓಡಿಸಿ ನೋಡಬೇಕು. ಹಾಗೆ ಓಡಿಸುವಾಗ ಹಾಲ್‌ನಲ್ಲಿ ಒಬ್ಬರಾದರೂ ಕೂತಿರಬೇಕು. ಖಾಲಿ ಹಾಲ್‌ಗೆ ತೋರಿಸಿದ ಸಿನಿಮಾ ಆಮೇಲೂ ಖಾಲಿ ಹಾಲನ್ನೇ ನೋಡುತ್ತದೆಂದು ಅವನ ಗುರು ಹೇಳಿಕೊಟ್ಟಿದ್ದ.

“ಅನುಪಮಾ ಕೂತ್ಕೋತಾಳೆ,” ಎಂದ ಸಂಗಮೇಶ.

“ಅಕ್ಕಾರು ಅರ್ಚನೆ ಮಾಡ್ಸಕ್ಕೆ ಗುಡೀಗೋದ್ರು. ನಿಮ್ಮ ಸಿನಿಮಾಕ್ಕೇಯ.”

“ನೀನೇ ಕೂತ್ಕೊ.”

“ನಾನು ಅಲ್ಲಿ ಕೂತ್ರೆ ಇಲ್ಲಿ ನಮ್ಮಪ್ಪ ಬಂದು ಓಡಿಸ್ತಾನಾ ಸಾರ್?”

ಸಂಗಮೇಶ ಯೋಚಿಸಿದ. ಕೂರಬೇಕೆಂದಿದೆಯೇ ಹೊರತು ನೋಡಬೇಕೆಂದು ಎಲ್ಲೂ ಇಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿ ತಂದು ತೆರೆಗೆ ಬೆನ್ನು ಹಾಕಿ, ಪ್ರೊಜೆಕ್ಟರ್ ಕಿಂಡಿಯ ಕಡೆ ಮುಖ ಮಾಡಿ ಕೂತ. ಹತ್ತಿ ವಾಪಸು ಬರುವಾಗ ಬಸ್ಸಿನಲ್ಲೆಲ್ಲೋ ಉದುರಿತ್ತು. ಬೆರಳು ಇಟ್ಟುಕೊಂಡ.

ಹತ್ತು ನಿಮಿಷ ಹೋಯಿತು. ಕೈ ನೋಯಿತು. ಬೆರಳು ತೆಗೆದ. ಏನೂ ಕೇಳಿಸಲಿಲ್ಲ. ಒಂದು ನಿಮಿಷ ಕಾದ. ಸದ್ದಿಲ್ಲ. ಇನ್ನೊಂದು ನಿಮಿಷ. ಮಾತಿಲ್ಲ, ಸಂಗೀತವಿಲ್ಲ, ಫ್ಯಾನಿನ ಕಿರಕಿರ ಬಿಟ್ಟರೆ ಇಡೀ ಹಾಲ್ ಮೌನ. ಎರಡರಷ್ಟು ಕೊಟ್ಟು ತಂದ ಸಿನಿಮಾದಲ್ಲಿ ಸೌಂಡೇ ಇಲ್ಲವೆ?

“ಚಿಕ್ಕಹನುಮಯ್ಯಾ, ಸೌಂಡು!” ಎಂದು ಕೂಗುತ್ತ ತಿರುಗಿದ.

ತೆರೆಯ ಮೇಲೆ ಬೀಗ ರಿಪೇರಿಯ ಮುದುಕ ಮುಚ್ಚಿದ ಬಾಗಿಲೊಂದರ ಮುಂದೆ ಕೂತಿದ್ದ. ಅವನ ಕೈಯಲ್ಲಿ ಕೀಲಿ ಇತ್ತು. ತೆರೆಯಲೋ ಬೇಡವೋ ಎಂದು ಯೋಚಿಸುತ್ತಿದ್ದ. ಬಾಗಿಲ ಸಂದಿಯಿಂದ ಬಂದ ಬೆಳಕಿನ ಗೆರೆ ಅವನ ಪಾದದ ಮೇಲೆ ಬಿದ್ದು, ನಿಧಾನವಾಗಿ ಸರಿಯುತ್ತಿತ್ತು. ಸೌಂಡಿಗೆ ಏನೂ ಆಗಿರಲಿಲ್ಲ. ಆ ಮುದುಕನಿಗೆ ಮಾತಾಡಲು ಇಷ್ಟವಿರಲಿಲ್ಲ, ಅಷ್ಟೆ.

ಸಂಗಮೇಶ ಕುರ್ಚಿಯನ್ನು ತಿರುಗಿಸಿಕೊಂಡ. ಯಾವಾಗ ತಿರುಗಿಸಿಕೊಂಡನೆಂದು ಅವನಿಗೇ ತಿಳಿಯಲಿಲ್ಲ.

ಕುಂಕುಮದ ತಟ್ಟೆ ಹಿಡಿದು ಅನುಪಮಾ ಒಳಗೆ ಬಂದಾಗ ಸಿನಿಮಾ ಮುಗಿಯಲು ಹದಿನೈದು ನಿಮಿಷವಿತ್ತು. ಗಂಡನ ಕೆನ್ನೆ ಒದ್ದೆಯಾಗಿ ಹೊಳೆಯುತ್ತಿರುವುದು ಬಾಗಿಲಿನಿಂದಲೇ ಕಂಡಿತು. ತಟ್ಟೆಯನ್ನು ಹಾಗೇ ಕೆಳಗಿಟ್ಟಳು.

“ನೋಡ್ಬಿಟ್ರಾ?”

“ಹೂಂ.”

“ಹೆಂಗಿದೆ?”

“ಅನೂ... ತುಂಬಾ ಚೆನ್ನಾಗಿದೆ ಕಣೇ,” ಎಂದು ಸಂಗಮೇಶ ಬಿಕ್ಕಿದ.

ಆಗಲೇ ಅವನ ಫೋನು ಹೊಡೆದುಕೊಂಡಿತು. ತಿಮ್ಮರಾಜು. “ಸಾರ್, ಪಾರ್ಟ್ನರ್ ಒಪ್ಪವ್ನೆ. ನೀವು ಕೊಟ್ಟಿರೋದ್ರ ಮೇಲೆ ಅರ್ಧ ಜಾಸ್ತಿ ಕೊಡ್ತೀನಿ. ಎರಡೂ ತಾಲ್ಲೂಕು ನಂಗೆ ಬುಡಿ. ಇವತ್ತೇ ಬಂದು ಡಿಸ್ಕ್ ತಗೊಂಡೋಯ್ತೀನಿ.”

ಅನುಪಮಾ ಎರಡೂ ಕೈಯೆತ್ತಿ, ಕೊಡ್ರೀ, ಕೊಡ್ರೀ ಎಂದು ಸನ್ನೆ ಮಾಡಿದಳು. ಆ ದುಡ್ಡಲ್ಲಿ ಅಣ್ಣನ ಪಾಲನ್ನೇ ಬಿಡಿಸಿಕೊಳ್ಳಬಹುದು. ಸಂಗಮೇಶ ಗಂಟಲು ಸರಿಮಾಡಿಕೊಂಡು, ಹುಟ್ಟಿದಾಗಿನಿಂದ ಹೇಳದಿದ್ದ ಸುಳ್ಳನ್ನು ಹೇಳಿದ.

“ತಗೊಂಡೋಗಿ ತಿಮ್ಮರಾಜು. ಈಗಷ್ಟೇ ನೋಡ್ದೆ. ದರಿದ್ರ ಸಿನಿಮಾ. ಬರೀ ಬೋರು.”

“ಅಂಗನ್ನಿ! ಆದ್ರೂ ಬಾಯಿ ಮಾತು ಬ್ಯಾಡ ಸಾರ್. ಒಂಚೂರು ವೀಡಿಯೋ ಆನ್ ಮಾಡಿ.”

ಅನುಪಮಾ ಸೆರಗಿನಿಂದ ಅವನ ಕೆನ್ನೆ ಒರೆಸಿದಳು. “ಮುಖ ಗಂಟಾಕ್ಕಳಿ. ಆಕಳ್ಸಿ, ಆಕಳ್ಸಿ,” ಎಂದು ಪಿಸುಗುಟ್ಟಿದಳು. ಸಂಗಮೇಶ ಹುಬ್ಬು ಗಂಟಿಕ್ಕಿ ವೀಡಿಯೋ ಒತ್ತಿದ. ಬಾಯಿ ತೆರೆದು ಅರ್ಧ ಆಕಳಿಸಿದ. ಅಷ್ಟರಲ್ಲಿ ತೆರೆಯ ಮೇಲೆ ಆ ಮುದುಕ, ಇಡೀ ಚಿತ್ರದಲ್ಲಿ ಮೊದಲ ಸಲ, ಕೀಲಿಯನ್ನು ಬೀಗದೊಳಗೆ ಇಟ್ಟ. ಸಂಗಮೇಶನ ಕಣ್ಣು ತಡೆಯಲಾರದೆ ಅತ್ತ ಹೋಯಿತು. ತೆರೆದ ಬಾಯಿ ತೆರೆದೇ ಇತ್ತು. ಹುಬ್ಬಿನ ಗಂಟು ಬಿಚ್ಚಿತು. ಮುಖ ದೀಪ ಹಚ್ಚಿದ ದೇವರ ಕೋಣೆಯಂತಾಯಿತು.

ಕುಣಿಗಲ್‌ನಲ್ಲಿ ತಿಮ್ಮರಾಜು ಆ ಮುಖವನ್ನು ಸ್ವಲ್ಪ ಹೊತ್ತು ನೋಡಿದ.

“ಅಷ್ಟೊಂದು ಸಂದಾಗದಾ ಸಾರ್?” ಎಂದು ಸತ್ತವರ ಮನೆಯಲ್ಲಿ ಕೇಳುವಂತೆ ಮೆಲ್ಲಗೆ ಕೇಳಿ, ಫೋನ್ ಇಟ್ಟುಬಿಟ್ಟ.

ಹಿಂದಿನ ಬಾಗಿಲು ಕಿರ್ರೆಂದಿತು. ಸುದ್ದಿ ತಿಳಿಯಲೆಂದು ಮಹಾಲಿಂಗಯ್ಯನವರು ಮಂಡಿಯಿಂದ ನೇರ ಬಂದಿದ್ದರು. ಅವರು ತಮ್ಮನ ಮುಖ ನೋಡಿದರು. ಜೇಬಿನಿಂದ ಅಳತೆ ಟೇಪು ತೆಗೆದು ತುದಿಯನ್ನು ಅವನ ಕೈಗೆ ಕೊಟ್ಟು, ಸಾಲು ಸೀಟುಗಳ ನಡುವೆ ಹಿಂದಕ್ಕೆ ಸರಿಯುತ್ತ ಹೋದರು.

“ಸಂಗ, ಗೋಡೆಗೆ ಒತ್ತಿ ಹಿಡ್ಕೊ. ಉದ್ದ ಎಷ್ಟಾಗುತ್ತೆ ನೋಡಣ.”

ಸಂಗಮೇಶ ತೆರೆಯಿಂದ ಕಣ್ಣು ಕೀಳದೆ ಟೇಪಿನ ತುದಿಯನ್ನು ಗೋಡೆಗೆ ಒತ್ತಿ ಹಿಡಿದ.

“ಸದ್ದು ಮಾಡ್ಬೇಡ ಅಣ್ಣ,” ಎಂದ. “ಬಾಗಿಲು ತೆಗೀತಿದಾನೆ.”