ಜಗಲಿಯ ಇಂಗ್ಲಿಷು, ಅತ್ತೆಯ ಷರತ್ತು

ಇಂಗ್ಲಿಷ್ ಹೇಳಿಕೊಡುವವರ ಮನೆಗೆ ಮಕ್ಕಳು ಮಾತ್ರ ಬರುತ್ತಾರೆ ಎಂದು ನೀವು ತಿಳಿದಿದ್ದರೆ ನಿಮಗೆ ಟ್ಯೂಶನ್ನಿನ ವಿಷಯ ಏನೂ ಗೊತ್ತಿಲ್ಲ ಎಂದೇ ಅರ್ಥ. ಮಕ್ಕಳ ಹಿಂದೆ ಅಪ್ಪ ಬರುತ್ತಾನೆ, ಅಜ್ಜಿ ಬರುತ್ತಾಳೆ, ಸ್ಕೂಲಿನ ಮೇಷ್ಟ್ರು ಬರುತ್ತಾರೆ, ಅವರೆಲ್ಲರ ಹಿಂದೆ ಏನಾದರೊಂದು ರಗಳೆ ಬಂದೇ ಬರುತ್ತದೆ.

ತೊಂಬತ್ತರ ದಶಕದ ಕೊನೆಯ ಮಾತು. ಮದುರೆಯಲ್ಲಿ ಬಿ.ಎ. ಇಂಗ್ಲಿಷ್ ಮುಗಿಸಿ, ಮದುವೆಯಾಗಿ ಗೂಡಲೂರಿಗೆ ಬಂದಿದ್ದೆ. ಅಲ್ಲಿಂದ ಮುಂದೆ ಬಸ್ಸು ಘಟ್ಟ ಹತ್ತಿ ಕುಮುಳಿ ಸೇರುತ್ತದೆ. ನಮ್ಮ ಬೀದಿಯಲ್ಲಿ ಎಲ್ಲರೂ ನಮ್ಮವರೇ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಇಂಗ್ಲಿಷು ಮಾತ್ರ ಎರಡೂ ಕಡೆ ಇಲ್ಲ. ಆ ಕೊರತೆಯನ್ನು ನಾನೇ ನೀಗಿಸುತ್ತೇನೆ ಎಂದು ಹೊರಟೆ.

ನಮ್ಮತ್ತೆ ಜಗಲಿ ಬಿಟ್ಟುಕೊಟ್ಟರು. ಜೊತೆಗೆ ಒಂದು ಷರತ್ತನ್ನೂ ಇಟ್ಟರು. "ತಿಣ್ಣೆ ತಕ್ಕೋ ತಾಯಿ. ಆನಾ ಒಂದು ಮಾತು. ಯಾರಾನಾ ಒಬ್ರು ಪಿರಾದು, ದೂರು ಅಂತ ಈ ಬಾಗ್ಲಿಗೆ ಬಂದ್ರೆ, ಅವತ್ತೇ ಟ್ಯೂಶನ್ ಕಟ್."

ದಿನದ ಎರಡು ಗಂಟೆ ಬಿಟ್ಟರೆ ಉಳಿದ ಹೊತ್ತೆಲ್ಲ ನಾನು ಆ ಮನೆಯ ಸೊಸೆ. ಆ ಎರಡು ಗಂಟೆ ಮಾತ್ರ ನಾನು ಮಿಸ್. ಅದನ್ನು ಕಳೆದುಕೊಳ್ಳಲು ನನಗೆ ಸುತರಾಂ ಮನಸ್ಸಿರಲಿಲ್ಲ. ಹಾಗಾಗಿ ಆ ವರ್ಷವೆಲ್ಲ ನನ್ನ ಒಂದು ಕಣ್ಣು ಪುಸ್ತಕದ ಮೇಲೆ, ಇನ್ನೊಂದು ಬಾಗಿಲ ಮೇಲೆ.

ನಾಲ್ಕು ಮೂಲೆಗೆ ಅರಿಶಿನ

ಮೊದಲ ತಿಂಗಳು ಎಂಟನೇ ಕ್ಲಾಸಿನವರಿಗೆ "ಅಕ್ಕನ ಮದುವೆಗೆ ಗೆಳೆಯನನ್ನು ಕರೆದು ಪತ್ರ ಬರೆಯಿರಿ" ಎಂದು ಕೊಟ್ಟೆ. ಮರುದಿನ ಹನ್ನೆರಡು ನೋಟ್‌ಬುಕ್ ಬಂದವು. ಹನ್ನೆರಡರಲ್ಲೂ ಹಾಳೆಯ ನಾಲ್ಕು ಮೂಲೆಗೆ ಅರಿಶಿನ ಬಳಿದಿತ್ತು. ಶುಭದ ಕಾಗದವನ್ನು ಹಾಗೆ ಮಾಡದೆ ಯಾರ ಮನೆಯಲ್ಲೂ ಹೊರಗೆ ಕಳಿಸುವುದಿಲ್ಲ. ಒಬ್ಬಳು ಮದುವೆಯ ತಾರೀಖು ಬರೆದಿರಲಿಲ್ಲ. ಯಾಕೆಂದು ಕೇಳಿದರೆ, "ತಾತ ಊರಿಂದ ಬಂದು ಪಂಚಾಂಗ ನೋಡ್ಬೇಕು ಮಿಸ್, ನಾನಾಗಿ ಹೆಂಗೆ ಬರೀಲಿ?" ಎಂದಳು. ಅವಳಿಗೆ ಅಕ್ಕನೇ ಇರಲಿಲ್ಲ.

ನಾನು ನಕ್ಕು ಸುಮ್ಮನಾದೆ. ಸುಮ್ಮನಾದದ್ದು ತಪ್ಪಾಯಿತು. ಮೂರು ತಿಂಗಳ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ನಮ್ಮ ಹುಡುಗನೊಬ್ಬ ಕಂಪಾಸ್ ಬಾಕ್ಸಿನಿಂದ ಸಣ್ಣ ಪೊಟ್ಟಣ ತೆಗೆದ. ಮೇಷ್ಟ್ರು ಕಾಪಿ ಚೀಟಿಯೆಂದು ಹಾರಿ ಹಿಡಿದರು. ಬಿಚ್ಚಿದರೆ ಅರಿಶಿನ. ಮೂಗಿಗೆ, ಮೀಸೆಗೆ, ಬಿಳಿ ಶರ್ಟಿಗೆ, ಎಲ್ಲ ಕಡೆ ಅರಿಶಿನ.

ಸಂಜೆ ಆ ಮೇಷ್ಟ್ರು ಸೈಕಲ್ ಏರಿ, ಅದೇ ಹಳದಿ ಶರ್ಟಿನಲ್ಲಿ ನಮ್ಮ ಬಾಗಿಲಿಗೆ ಬಂದರು. ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತರು. ಮೇಷ್ಟ್ರು ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಅತ್ತೆ ಕೇಳಿದರು, "ಏನ್ ಸಾರ್, ಅರಿಶಿನ ಇಕ್ಕ್ದೆ ಮದ್ವೆ ಕಡುದಾಸಿ ಕೊಟ್ರೆ ನೀವಾನಾ ಆ ಮದ್ವೆಗೆ ಹೋಗ್ತೀರಾ?"

ಮೇಷ್ಟ್ರು ತಮ್ಮ ಹಳದಿ ಶರ್ಟನ್ನೊಮ್ಮೆ ನೋಡಿಕೊಂಡರು. "ಹೋಗಲ್ಲ" ಎಂದರು.

ಆ ಹುಡುಗನಿಗೆ ಪತ್ರಕ್ಕೆ ಪೂರ್ತಿ ಅಂಕ ಬಂತು. ಅರಿಶಿನದ ನಡುವೆ ಅವನು ಬರೆದಿದ್ದು ಎರಡೇ ಸಾಲು.

ಟವೆಲಿನ ಕೆಳಗಿನ ಮಾತು

ಕುಮುಳಿಯಲ್ಲಿ ಏಲಕ್ಕಿ, ಮೆಣಸು ಮಾರುವ ಅಂಗಡಿ ಇಟ್ಟಿದ್ದ ಹಿರಿಯರೊಬ್ಬರು ಒಂದು ದಿನ ಬಂದು ಏಳನೇ ಕ್ಲಾಸಿನ ಮಕ್ಕಳ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಅಂಗಡಿಗೆ ಮುಂಚೆ ಸಂತೆಯಲ್ಲಿ ದನದ ದಲ್ಲಾಳಿಯಾಗಿದ್ದವರು. "ವೆಳ್ಳಕ್ಕಾರರು, ಬಿಳಿ ಜನ ಬರ್ತಾರೆ ಟೀಚರಮ್ಮಾ, ಬಾಯಿ ಬರ್ದೆ ನಿಂತ್ಕೋತೀನಿ. ವ್ಯಾಪಾರಕ್ಕೆ ಸಾಕಾಗುವಷ್ಟು ಇಂಗ್ಲಿಷ್ ಕೊಡು" ಎಂದರು.

"ಬನ್ನಿ, ನೋಡಿ, ಮೂಸಿ" ಎನ್ನುವಷ್ಟು ಒಂದು ವಾರದಲ್ಲಿ ಬಂತು. ಆದರೆ ಇಪ್ಪತ್ತರಾಚೆಯ ಸಂಖ್ಯೆ ಮಾತ್ರ ಅವರ ತಲೆಗೆ ಹತ್ತಲೇ ಇಲ್ಲ. ಪಕ್ಕದ ಮಕ್ಕಳು ಹೇಳಿಕೊಟ್ಟರೂ ಇಲ್ಲ, ನಾನು ಗದರಿದರೂ ಇಲ್ಲ.

ಹೀಗಿರುವಾಗ ಅವರ ಹೆಂಡತಿ ಒಂದು ಮಧ್ಯಾಹ್ನ ಬಿರುಗಾಳಿಯ ಹಾಗೆ ಬಂದರು. "ಏನಮ್ಮಾ ಇಂಗ್ಲಿಷ್ ಹೇಳ್ಕೊಟ್ಟಿದ್ದೀ? ನಮ್ಮ ಮನೆಯವ್ರು ಅಂಗಡೀಲಿ ಒಬ್ಬ ವೆಳ್ಳಕ್ಕಾರಿ ಕೈ ಹಿಡ್ಕೊಂಡು ನಿಂತಿದ್ರಂತೆ! ಅದೂ ಟವೆಲ್ ಮುಚ್ಕೊಂಡು!"

ನನ್ನ ಪುಣ್ಯಕ್ಕೆ ಅತ್ತೆ ತೋಟಕ್ಕೆ ಹೋಗಿದ್ದರು. ಆಕೆಗೆ ಕಾಫಿ ಕೊಟ್ಟು ಕೂರಿಸುವಷ್ಟರಲ್ಲಿ ಹಿಂದೆಯೇ ಆ ಹಿರಿಯರೂ ಏದುಸಿರು ಬಿಡುತ್ತ ಬಂದರು. ನಡೆದದ್ದು ಇಷ್ಟೇ. ವಿದೇಶಿ ಹೆಂಗಸು ಬೆಲೆ ಕೇಳಿದ್ದಾಳೆ. ಸಂಖ್ಯೆ ನಾಲಿಗೆಗೆ ಬರಲಿಲ್ಲ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಯಾರೂ ಹೇಳುವುದಿಲ್ಲ. ಕೈಗಳ ಮೇಲೆ ಟವೆಲ್ ಹೊದಿಸಿ, ಬೆರಳು ಅದುಮಿ ತಿಳಿಸುತ್ತಾರೆ. ಇವರು ಹಳೆಯ ಅಭ್ಯಾಸಬಲದಿಂದ ಹೆಗಲ ಟವೆಲ್ ತೆಗೆದು ಅವಳ ಕೈ ಮೇಲೆ ಹಾಕಿ ಬೆರಳು ಅದುಮಿದ್ದಾರೆ. ಅವಳು ಇದೇನೋ ಈ ಊರಿನ ಆಶೀರ್ವಾದ ಎಂದುಕೊಂಡು ಕಣ್ಣುಮುಚ್ಚಿ ಭಕ್ತಿಯಿಂದ ನಿಂತಿದ್ದಾಳೆ. ಆಮೇಲೆ ಕೈಮುಗಿದು, ವ್ಯಾನಿನಲ್ಲಿದ್ದ ಉಳಿದವರನ್ನೂ ಕರೆದಿದ್ದಾಳೆ. ಎಲ್ಲರೂ ಸಾಲಾಗಿ ನಿಂತು ಟವೆಲಿನ ಕೆಳಗೆ ಕೈಯಿಟ್ಟು, ಅಂಗಡಿಯ ಏಲಕ್ಕಿಯನ್ನೆಲ್ಲ ಖಾಲಿ ಮಾಡಿದ್ದಾರೆ.

ಹೆಂಡತಿಯ ಸಿಟ್ಟು ಅರ್ಧ ಇಳಿಯಿತು. ನಾನು, "ನಾಳೆಯಿಂದ ಸಂಖ್ಯೆಗಳನ್ನೇ ಹಿಡಿದು ಕಲಿಸುತ್ತೇನೆ" ಎಂದೆ.

ಹಿರಿಯರು ಗಾಬರಿಯಾಗಿ ಎದ್ದು ನಿಂತರು. "ವೇಂಡಾ, ಬೇಡ ಟೀಚರಮ್ಮಾ! ಇನ್ನು ಇಂಗ್ಲಿಷ್ ಕಲಿತ್ರೆ ವ್ಯಾಪಾರ ಕೆಟ್ಟೋಗ್ತದೆ."

ಮನಮುಟ್ಟುವ ಪತ್ರ

ಎರಡು ಮನೆ ಆಚೆ ದ್ರಾಕ್ಷಿ ತೋಟದವರ ಮಗಳು ಹತ್ತನೇ ಕ್ಲಾಸಿನಲ್ಲಿದ್ದಳು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಹುಡುಗಿ. ಪಾಠ ಹೇಳುವವರಿಗೆ ಇಂಥ ಮಕ್ಕಳೆಂದರೆ ಪ್ರಾಣ. ಅಪಾಯವೂ ಇಂಥವರಿಂದಲೇ ಎಂದು ಆಗ ನನಗೆ ಗೊತ್ತಿರಲಿಲ್ಲ.

ಎಲ್ಲರೂ ಗೈಡಿನ ಪತ್ರಗಳನ್ನು ಬಾಯಿಪಾಠ ಮಾಡಿ ಕಕ್ಕುತ್ತಿದ್ದುದನ್ನು ನೋಡಿ ಬೇಸತ್ತು, ನಾನು ಮದುರೆಯ ಗತ್ತಿನಲ್ಲಿ ಹೇಳಿದೆ: "ಸುಮ್ಮನೆ ನೋಟ್‌ಬುಕ್ಕಿನಲ್ಲಿ ಬರೆದರೆ ಬರವಣಿಗೆ ಬರುವುದಿಲ್ಲ. ಗೈಡಿನಿಂದ ಒಂದು ವಿಷಯ ಆರಿಸಿಕೊಳ್ಳಿ, ನಿಜವಾದ ಮನುಷ್ಯರಿಗೆ ಬರೆಯಿರಿ, ನಿಜವಾಗಿ ಪೋಸ್ಟ್ ಮಾಡಿ."

ಈ ಹುಡುಗಿ ಸಂತಾಪ ಪತ್ರ ಆರಿಸಿಕೊಂಡಳು. ಅವಳಿಗೆ ಬಾಯಲ್ಲೇ ಬರುತ್ತಿದ್ದ ವಿಳಾಸ ಒಂದೇ, ವೇದಸಂದೂರಿನ ನೂಲಿನ ಮಿಲ್ಲಿನಲ್ಲಿದ್ದ ದೊಡ್ಡಪ್ಪನದು. ಬಾವಿ ನೀರಿನ ಸರದಿಗೆ ಜಗಳವಾಗಿ ಅಣ್ಣತಮ್ಮಂದಿರು ಮಾತು ಬಿಟ್ಟು ಏಳು ವರ್ಷವಾಗಿತ್ತು. ಆದರೂ ಅವಳ ಅಮ್ಮ ಪ್ರತಿ ಪೊಂಗಲ್‌ಗೆ ಗಂಡನಿಗೆ ತಿಳಿಯದಂತೆ ಅಲ್ಲಿಗೊಂದು ಗ್ರೀಟಿಂಗ್ ಕಾರ್ಡ್ ಕಳಿಸುತ್ತಿದ್ದರು. ವಿಳಾಸ ಬರೆಯುತ್ತಿದ್ದವಳು ಮಗಳು.

ಗೈಡಿನಲ್ಲಿ ಇದ್ದ ಹಾಗೇ ಮೊದಲು ನೋಟ್‌ಬುಕ್ಕಿನಲ್ಲಿ ಬರೆದಳು: "ನಿಮ್ಮ ಪ್ರೀತಿಯ ಸಹೋದರರ ಹಠಾತ್ ಮರಣದ ಸುದ್ದಿ ಕೇಳಿ ತೀವ್ರ ಆಘಾತವಾಯಿತು. ಧೈರ್ಯ ತಂದುಕೊಳ್ಳಿ." ಮೇಲೆ "ಡಿಯರ್ ಅಂಕಲ್" ಎಂದಿತ್ತು. ಯಾರೋ ಅಂಕಲ್ ಇರಬೇಕು ಎಂದುಕೊಂಡು ನಾನು ಕೆಂಪು ಶಾಯಿಯಲ್ಲಿ "ತುಂಬಾ ಚೆನ್ನಾಗಿದೆ, ಮನಮುಟ್ಟುವಂತಿದೆ" ಎಂದು ಬರೆದು ಕೊಟ್ಟೆ. ಅವಳು ಅದನ್ನು ಕಾಗದಕ್ಕಿಳಿಸಿ ಪೋಸ್ಟ್ ಮಾಡಿದಳು. ಆ ಅಂಕಲ್‌ಗೆ ಇರುವುದು ಒಬ್ಬನೇ ಸಹೋದರ, ಆತ ಇವಳ ಅಪ್ಪ ಎಂದು ನನಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ವೇದಸಂದೂರಿನಲ್ಲಿ ಮಿಲ್ಲಿನ ಗುಮಾಸ್ತರು ಓದಿ ಅರ್ಥ ಹೇಳಿದರಂತೆ. ನಮ್ಮಲ್ಲಿ ಸಾವಿನ ಕಾಗದವನ್ನು ಓದಿದ ಕೂಡಲೇ ಹರಿದು ಹಾಕಬೇಕು, ಮನೆಯೊಳಗೆ ತರಬಾರದು. ಹರಿದು ಹಾಕಿದರು. ಇನ್ನೊಮ್ಮೆ ಓದಿ ನೋಡುವ ಅವಕಾಶವೂ ಹೋಯಿತು. ದೊಡ್ಡಪ್ಪ ಎದೆ ಬಡಿದುಕೊಂಡರಂತೆ, "ಅಪ್ಪನ್ನ ಕಳ್ಕೊಂಡ ಮಗು ನಂಗೆ ಧೈರ್ಯ ಹೇಳ್ತದಲ್ಲಪ್ಪಾ!"

ಪೋಸ್ಟ್ ಮಾಡಿದ ನಾಲ್ಕನೇ ದಿನ ಸಂಜೆ, ಟ್ಯೂಶನ್ ನಡೆಯುತ್ತಿರುವಾಗಲೇ, ಬೀದಿಯ ತುದಿಯಲ್ಲಿ ಒಂದು ವ್ಯಾನ್ ನಿಂತಿತು. ಇಳಿದ ಹೆಂಗಸರು ಒಬ್ಬರ ಹೆಗಲಿಗೊಬ್ಬರು ಕೈಹಾಕಿ, ಸುತ್ತುಗಟ್ಟಿ ಹಾಡಿ ಅಳತೊಡಗಿದರು. ತೋಟದವರ ಮನೆಗೆ ಬೀಗ. ಬೀಗ ಕಂಡು ದೊಡ್ಡಪ್ಪನ ದುಃಖ ಇಮ್ಮಡಿಯಾಯಿತು, "ಕಾರ್ಯಕ್ಕೂ ನಮ್ಮನ್ನ ಕರೀಲಿಲ್ವೇ!"

ನಮ್ಮ ಬೀದಿಯ ಪದ್ಧತಿ ಎಂದರೆ, ಅಳು ಕೇಳಿದರೆ ಮೊದಲು ಓಡಿಹೋಗಿ ಅಳಬೇಕು, ಹೋದವರು ಯಾರೆಂದು ಆಮೇಲೆ ಕೇಳಿಕೊಳ್ಳಬಹುದು. ನಮ್ಮತ್ತೆ ಆ ವಿದ್ಯೆಯಲ್ಲಿ ನಿಸ್ಸೀಮರು. ಸಾರಿನ ಸೌಟು ಬಿಸಾಡಿ, ಕೂದಲು ಬಿಚ್ಚಿಕೊಂಡು ಓಡಿದರು. ಗಳಿಗೆಯಲ್ಲಿ ಬೀದಿಯೇ ಸೇರಿತು.

ಅಷ್ಟರಲ್ಲಿ ಸತ್ತವರು ತೋಟದಿಂದ ಬಂದರು. ದ್ರಾಕ್ಷಿ ಬಳ್ಳಿಗೆ ಮೈಲುತುತ್ತದ ಮದ್ದು ಹೊಡೆದು ಬಂದಿದ್ದರಿಂದ ಮುಖ, ಮೈಕೈ, ಮೀಸೆ ಎಲ್ಲ ನೀಲಿ. ಮನೆಯ ಮುಂದೆ ಅಳು ಕಂಡು ಕಂಗಾಲಾದರು. ಏಳು ವರ್ಷದ ಮೇಲೆ ಅಣ್ಣ ಬಂದಿದ್ದಾನೆ ಎಂದರೆ ದೊಡ್ಡ ಸಾವೇ ಇರಬೇಕು. ಹೋಗಿ ಅಣ್ಣನನ್ನು ತಬ್ಬಿಕೊಂಡರು. "ಅಣ್ಣಾ! ಯಾರಣ್ಣಾ ಹೋದ್ರು?"

ಕಣ್ಣೀರಿನಲ್ಲಿ ಅಣ್ಣನಿಗೆ ಮುಖವೇ ಕಾಣಲಿಲ್ಲ. ಆ ನೀಲಿ ಹೆಗಲ ಮೇಲೆ ತಲೆಯಿಟ್ಟು, "ನನ್ ತಮ್ಮ ಹೋದ್ನಪ್ಪಾ!" ಎಂದು ಬಿಕ್ಕಿದರು.

"ಐಯೋ, ತಮ್ಮ ಹೋದ್ನಾ!" ಎಂದು ತಮ್ಮನೂ ಗೋಳೋ ಎಂದರು. ಇಬ್ಬರೂ ಚೆನ್ನಾಗಿ ಅತ್ತರು.

ಹಿಂದೆಯೇ ತಮ್ಮನ ಹೆಂಡತಿ ಹುಲ್ಲಿನ ಹೊರೆ ಹೊತ್ತು ಬಂದರು. ದೊಡ್ಡಮ್ಮ ಅವರನ್ನು ತಬ್ಬಲು ಹೋದವರು ಹಣೆ ನೋಡಿ ಅಲ್ಲೇ ನಿಂತರು. "ಏನೇ ಇದು, ಇನ್ನಾ ಪೊಟ್ಟು ಇಕ್ಕೊಂಡಿದ್ದೀ?"

"ಇವ್ರು ಇರೋವಾಗ ನಾನ್ಯಾಕೆ ಅಳಿಸ್ಲಿ?" ಎಂದು ಆಕೆ ನೀಲಿ ಮನುಷ್ಯನತ್ತ ಕೈ ತೋರಿಸಿದರು.

ಅಳು ಕರೆಂಟು ಹೋದ ಹಾಗೆ ನಿಂತಿತು. ಜಗಲಿಯಲ್ಲಿ ನನ್ನ ಪಕ್ಕ ನಿಂತಿದ್ದ ಹುಡುಗಿ ಮೆಲ್ಲಗೆ ಹೇಳಿದಳು, "ಮಿಸ್, ಚೆನ್ನಾಗಿದೆ ಅಂತ ನೀವೇ ಹಾಕಿದ್ರಿ." ಅವಳ ಕೈಯಲ್ಲಿ ನೋಟ್‌ಬುಕ್ಕು, ಅದರಲ್ಲಿ ನನ್ನ ಕೆಂಪು ಶಾಯಿ.

ಬೀದಿಗೆ ಬೀದಿಯೇ ನಮ್ಮ ಬಾಗಿಲಿಗೆ ಬಂತು. ಅಣ್ಣತಮ್ಮಂದಿರು ಮುಂದೆ. ಅತ್ತೆ ಬಿಚ್ಚಿದ ಕೂದಲಲ್ಲೇ ಮೆಟ್ಟಿಲ ಮೇಲೆ ನಿಂತು, "ಏನ್ ಪಿರಾದು? ಹೇಳಿ" ಎಂದರು. ಮುಗಿಯಿತು ನನ್ನ ಕಥೆ ಎಂದುಕೊಂಡೆ. ಸೀಮೆಸುಣ್ಣದ ಡಬ್ಬಿಯನ್ನು ಮುಚ್ಚಿಟ್ಟೆ.

ದೊಡ್ಡಪ್ಪ ಬಾಯಿ ತೆರೆದರು. ತಮ್ಮನ ಕೈ ಇನ್ನೂ ಅವರ ಕೈಯಲ್ಲೇ ಇತ್ತು, ಅವರ ಬಿಳಿ ಅಂಗಿಯೆಲ್ಲ ನೀಲಿಯಾಗಿತ್ತು. ತಮ್ಮನ ಮುಖ ನೋಡಿದರು. ನನ್ನತ್ತ ತಿರುಗಿದರು.

"ಪಿರಾದು ಒಂದೇ ತಾಯಿ. ಇದನ್ನ ಐದಾರು ವರ್ಷ ಮುಂಚೇನೇ ಬರ್ಸಿರ್ಬಾರ್ದಾ?"

ಹೆಣಕ್ಕೆಂದು ತಂದಿದ್ದ ಹೊಸ ವೇಷ್ಟಿಯನ್ನೇ ಮೈತೊಳೆದು ಬಂದ ತಮ್ಮ ಉಟ್ಟುಕೊಂಡು ಅಣ್ಣನ ಪಕ್ಕ ಊಟಕ್ಕೆ ಕೂತರು. ನಾನು ಮಾತ್ರ ಅತ್ತೆಯ ಮುಖವನ್ನೇ ನೋಡುತ್ತಿದ್ದೆ. ಅತ್ತೆ ತಮ್ಮ ತೀರ್ಪನ್ನು ಇನ್ನೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಅವರೇ ಜಗಲಿಗೆ ಬಂದು ಮಕ್ಕಳು ಕೂರುವ ಚಾಪೆಯ ಮೇಲೆ ಕೂತರು. ಸೆರಗಿನೊಳಗಿಂದ ಒಂದು ಇನ್‌ಲ್ಯಾಂಡ್ ಲೆಟರ್ ತೆಗೆದು ನನ್ನ ಮುಂದಿಟ್ಟರು.

"ಆಂಡಿಪಟ್ಟಿಲಿ ನನ್ ತಂಗಿ ಅವ್ಳೆ. ಮಾತು ಬಿಟ್ಟು ಹತ್ತೊರ್ಷ ಆಯ್ತು. ಅವಳಿಗೂ ಒಂದು ಬರಿ. ಇಂಗ್ಲಿಷ್‌ನಾಗೇ ಬರಿ, ನಮ್ ಮಾತ್ನಾಗೆ ಬರೆದ್ರೆ ಕಳ್ಳಿ ನಂಬಲ್ಲ."

"ಯಾರು ಹೋದ್ರು ಅಂತ ಬರೀಲಿ ಅತ್ತೆ?"

"ನಾನೇ ಹೋದೆ ಅಂತ ಬರಿ" ಎಂದರು. "ಅವ್ಳು ಹೆಂಗೆ ಅಳ್ತಾಳೋ, ಒಂದ್ಸಲ ನನ್ ಕಣ್ಣಾರೆ ನೋಡ್ಬೇಕು."