ಶನಿ ನೋಡಲು ನುಗ್ಗಿ ಗಿಡ ಕಡಿಸಿದ್ದು

ಒಂದು ಖೋಲಿ ಕಟ್ಟಿಸುವುದು ಎಂಥ ದೊಡ್ಡ ಕೆಲಸ? ಬ್ಯಾಡಗಿಯ ಈ ಮನೆಗೆ ಬಚ್ಚಲು ಕಟ್ಟಿಸಿದವಳು ನಾನು. ದನದ ಕೊಟ್ಟಿಗೆ ಕೆಡವಿ ಅಡುಗೆಮನೆ ಮಾಡಿಸಿದವಳು ನಾನು. ಓದಿದ್ದು ಮೂರನೇ ಇಯತ್ತೆ ಇರಬಹುದು, ಆದರೆ ಗೋಡೆ ಒಂದು ಬೆರಳು ಸೊಟ್ಟಗೆ ಎದ್ದರೂ ಮೊದಲು ನನ್ನ ಕಣ್ಣಿಗೇ ಬೀಳುತ್ತದೆ. ಹೀಗಾಗಿ ಮೊಮ್ಮಗಳು ಪವಿತ್ರಾ, "ಅಜ್ಜಿ, ನಮ್ಮ ಹಿತ್ತಲದಾಗ ನಕ್ಷತ್ರ ನೋಡಾಕ ಒಂದು ಸಣ್ಣ ಖೋಲಿ ಬೇಕು" ಎಂದಾಗ ನಾನು ಹಿಂದೆ ಮುಂದೆ ನೋಡಲಿಲ್ಲ.

"ನೀ ನಿನ್ನ ಸಾಲಿ ನೋಡ್ಕೊ. ಖೋಲಿ ನಾ ಕಟ್ಟಸ್ತೇನಿ" ಎಂದೆ.

ಆ ಮಾತನ್ನು ಈಗ ಯಾರಾದರೂ ವಾಪಸು ತೆಗೆದುಕೊಳ್ಳುವುದಿದ್ದರೆ ಕೊಡಲು ತಯಾರಿದ್ದೇನೆ.

ಪವಿತ್ರಾ ನನ್ನ ಮಗ ಮಲ್ಲೇಶನ ಮಗಳು. ಹಾವೇರಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ದೀಪಾವಳಿಗೆ ಬೇರೆ ಹುಡುಗಿಯರು ಸೀರೆ ತಂದರೆ ಇವಳು ದುರ್ಬೀನು ತಂದಳು. ಬಚ್ಚಲ ಒಲೆಯ ಕೊಳವೆಯಷ್ಟು ದಪ್ಪ, ಅಷ್ಟೇ ಕಪ್ಪು. ಮಲ್ಲೇಶ ಮೆಣಸಿನಕಾಯಿ ದಲಾಲಿ. ಪೇಟೆಗೆ ಬರುವ ಯಾವ ಚೀಲವನ್ನೂ ಕೈ ಹಾಕಿ ನೋಡದೆ ನಂಬುವವನಲ್ಲ. ಅವನು ದುರ್ಬೀನಿನ ಒಳಗೂ ಕೈ ಹಾಕಲು ಹೋಗಿ ಮಗಳಿಂದ ಬೈಸಿಕೊಂಡ.

"ಮೂರು ಕಾಲಿನ ಸ್ಟ್ಯಾಂಡು ಐತೆಲ್ಲಾ, ಮಾಳಗಿ ಮ್ಯಾಲ ಇಟ್ಟು ನೋಡು. ಅದಕ್ಕೊಂದು ಮನಿ ಬ್ಯಾರೆ ಕಟ್ಟಬೇಕನು?" ಎಂದ.

"ಮಾಳಗಿ ಮ್ಯಾಲ ಯಾರರ ನಡದ್ರ ದುರ್ಬೀನು ನಡಗತೈತಪ್ಪಾ. ಅಲ್ಲದ ಅಲ್ಲೆಲ್ಲಾ ನಿಂದ ಮೆಣಸಿನಕಾಯಿ ಹರವಿರತೈತಿ. ನೆಲದಾಗ ಗಟ್ಟಿ ಕಂಬ ನಿಲ್ಲಿಸಿ, ಸುತ್ತ ಗ್ವಾಡಿ ಕಟ್ಟಿ, ಮ್ಯಾಲ ಸರಿಸೂ ತಗಡು ಹಾಕಿದ್ರ ಬೇಕಾದಾಗ ತಗದು ನೋಡಬಹುದು."

ನಾನು ಈ ಮಾತಿನಲ್ಲಿ ತಲೆ ಹಾಕುತ್ತಿರಲಿಲ್ಲ. ಆದರೆ ಆ ಹುಡುಗಿ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಬಂಗಾರದ ಬಣ್ಣದ ಗುಂಡು, ಸುತ್ತಲೂ ಸಾಲು ಸಾಲು ಬಳೆ.

"ಯಾರವ್ವಾ ಇವ, ಇಷ್ಟ ಚಂದ?"

"ಶನಿ" ಎಂದಳು.

ಮೊಬೈಲು ಕೆಳಗಿಟ್ಟೆ. ಮತ್ತೆ ಎತ್ತಿ ನೋಡಿದೆ.

ಶನಿ ಎಂಬುದು ಈ ಮನೆಯಲ್ಲಿ ನನ್ನ ಹೆಸರು. ಮಂದಿಗೆ ನಾನು ನೀಲವ್ವ. ನನ್ನ ಅತ್ತೆಗೆ ಶನಿ. ನಾನು ಮದುವೆಯಾಗಿ ಬಂದ ವಾರದಲ್ಲೇ ಹಯನದ ಎಮ್ಮೆ ಸತ್ತಿತು. "ಶನಿ ಹೊಸ್ತಿಲಾ ದಾಟಿತು" ಎಂದಳು ಅತ್ತೆ. ಎಮ್ಮೆಗೆ ನಾನು ಬರುವ ಮೊದಲೇ ಜಡ್ಡು ಹತ್ತಿತ್ತು, ಅದನ್ನು ಕೇಳುವವರಾರು? ಮಳೆ ಬರದಿದ್ದರೆ ಶನಿ, ಹಾಲು ಉಕ್ಕಿದರೆ ಶನಿ. ನನ್ನ ಗಂಡ ಎದೆನೋವಿನಿಂದ ಸತ್ತ ದಿನ ಹೆಣದ ಮುಂದೆ ಕುಳಿತು, ಇಡೀ ಓಣಿಗೆ ಕೇಳುವಂತೆ, "ಶನಿ ನನ್ನ ಮಗನ್ನೂ ತಿಂತು" ಎಂದಳು. ಅವತ್ತೇ ನನ್ನ ಬಳೆ ಒಡೆದರು. ಅದು ಪದ್ಧತಿ. ಅತ್ತೆ ಅದಾದ ಮೇಲೂ ಬಹಳ ವರ್ಷ ಗಟ್ಟಿಮುಟ್ಟಾಗಿ ಬದುಕಿದಳು, ನನ್ನ ಕೈಯಿಂದಲೇ ಉಂಡಳು. ಶನಿ ಆಕೆಗೆ ಮಾತ್ರ ಏನೂ ಮಾಡಲಿಲ್ಲ.

ಅಂಥ ಶನಿ ಇಷ್ಟು ಚೆಂದ! ಕೈತುಂಬ ಬಳೆ!

"ಇವನ್ನ ನಿನ್ನ ದುರ್ಬೀನದಾಗ ನಾನೂ ನೋಡಬಹುದನು?"

"ಬಳಿ ಸಮೇತ ನೋಡಬಹುದು ಅಜ್ಜಿ. ಸಂಕ್ರಾಂತಿ ಹೊತ್ತಿಗೆ ಸಂಜಿ ಮುಂದ ಪಡುವಲ ಕಡೆ ಬರತಾನ. ಹೋಳಿ ಹುಣ್ಣಿವಿ ಹೊತ್ತಿಗೆ ಮುಳುಗಿಬಿಡತಾನ. ಅಷ್ಟರಾಗ ಖೋಲಿ ಆಗಬೇಕು."

ಪವಿತ್ರಾ ಹತ್ತನೇ ತರಗತಿಯವರಿಗೆ ಹೆಚ್ಚಿನ ಪಾಠ ಇದೆಯೆಂದು ಹಾವೇರಿಯಲ್ಲೇ ಗೆಳತಿಯ ಖೋಲಿಯಲ್ಲಿ ಉಳಿದಳು. ಹೋಗುವಾಗ ಒಂದು ಹಾಳೆಯ ಮೇಲೆ ಎಲ್ಲ ಬರೆದು ಗೌಂಡಿ ಫಕೀರಪ್ಪನ ಕೈಗೆ ಕೊಟ್ಟಳು. ನನ್ನ ಕೈಗೆ ಕೊಡಲಿಲ್ಲ. ಅದೇ ನನಗೆ ಸಿಟ್ಟು.

ನಮ್ಮ ಹಿತ್ತಲು ದೊಡ್ಡದಲ್ಲ. ಮೂಡಲಿಗೆ ಬಚ್ಚಲಮನೆ, ಪಡುವಲಿಗೆ ನೆರೆಮನೆ ಕಾಶವ್ವನ ಗೋಡೆ, ನಡುವೆ ಅರಿವೆ ಒಗೆಯುವ ಕಲ್ಲು, ಕರಿಬೇವು, ಮೂಲೆಯಲ್ಲಿ ನುಗ್ಗಿ ಗಿಡ. ಕಲ್ಲು ಸರಿಸಿದೆವು, ಕರಿಬೇವು ಕಿತ್ತೆವು. ನುಗ್ಗಿ ಗಿಡ ನೋಡಿದೆ. ಅದು ನಿಂತದ್ದು ಪಡುವಲಿಗೆ. ಶನಿ ಬರುವುದೂ ಪಡುವಲಿಗೆ! ಹಾಳೆಯಲ್ಲಿ ಗಿಡದ ಮಾತು ಒಂದಕ್ಷರವೂ ಇರಲಿಲ್ಲ. ಕಲಿತವರಿಗೆ ಇಷ್ಟೂ ತಿಳಿಯುವುದಿಲ್ಲ ಎಂದುಕೊಂಡು ಕಡಿಸಿದೆ.

ಆ ಗಿಡ ನಾನು ಸೊಸೆಯಾಗಿ ಬಂದ ವರ್ಷ ಊರಿದ ಟೊಂಗೆ. ಈ ಮನೆಯಲ್ಲಿ ನನ್ನ ಕೈಯಿಂದ ಆದದ್ದರಲ್ಲಿ ಅತ್ತೆ ಹೆಸರಿಡದೆ ಬಿಟ್ಟದ್ದು ಅದೊಂದನ್ನೇ. ಅದರ ಕಾಯಿಯ ಸಾರು ಆಕೆಗೆ ಸೇರುತ್ತಿತ್ತು. ಕೊಡಲಿ ಬಿದ್ದಾಗ ನನಗೇನೂ ಅನಿಸಲಿಲ್ಲ. ಅಥವಾ ಅನಿಸಲು ಹೊತ್ತಿರಲಿಲ್ಲ, ಫಕೀರಪ್ಪ ಬಂದು ನಿಂತಿದ್ದ.

"ಅಮ್ಮಾರ, ಗ್ವಾಡಿ ಎದಿಮಟ್ಟ ಸಾಕಂತ ಬರದಾರ್ರಿ."

"ಎದಿಮಟ್ಟದ ಗ್ವಾಡಿ ಹಾರಿ ನಾಯಿ ಒಳಗ ಮಕ್ಕೊಂಡ್ರ? ತಲಿ ಮ್ಯಾಲ ಏರಸು."

"ಆಕಾಶ ಕಾಣಬೇಕಂತ್ರಿ."

"ಆಕಾಶ ಎಲ್ಲಿ ಇರತೈತಿ ಫಕೀರಪ್ಪಾ? ಬಗಲಾಗೋ, ತಲಿ ಮ್ಯಾಲೋ?"

ಫಕೀರಪ್ಪ ತಲೆ ಎತ್ತಿ ಖಾತ್ರಿ ಮಾಡಿಕೊಂಡ. "ತಲಿ ಮ್ಯಾಲರಿ."

"ಮತ್ತ?"

ಗೋಡೆ ಏರಿತು.

ನಡುವಿನ ಕಂಬಕ್ಕೂ ನೆಲಕ್ಕೂ ಮಧ್ಯೆ ಸಂದು ಬಿಡಬೇಕಂತೆ, ನಾವು ನಡೆದಾಡಿದರೆ ಕಂಬ ನಡುಗಬಾರದಂತೆ. ಸಂದಿನಲ್ಲಿ ಚೇಳು ಸೇರುತ್ತವೆ ಎಂದು ಸಿಮೆಂಟು ಮೆತ್ತಿಸಿದೆ. ಕಂಬದ ತಲೆ ಸಪಾಟು ಇರಬೇಕಂತೆ. ಸಪಾಟಾದರೆ ಮಳೆಗಾಲದಲ್ಲಿ ಹನಿ ಬಿದ್ದು ನೀರು ನಿಲ್ಲುವುದಿಲ್ಲವೇ? ದುಂಡಗೆ ಮಾಡಿಸಿದೆ. ಫಕೀರಪ್ಪ ಈ ಕೆಲಸವನ್ನು ಬಹಳ ಪ್ರೀತಿಯಿಂದ ಮಾಡಿದ. ಕರಣಿ ಬಿಟ್ಟು ಅಂಗೈಯಿಂದ ತಿಕ್ಕಿ ತಿಕ್ಕಿ ನುಣುಪು ಮಾಡಿದ. ಒಳಗೋಡೆಗೆ ಕಪ್ಪು ಬಣ್ಣ ಬಳಿಯಲು ಪವಿತ್ರಾಳೇ ಬರೆದಿದ್ದಳು, ಬೆಳಕು ತಿರುಗಿ ಕಣ್ಣಿಗೆ ಹೊಡೆಯಬಾರದು ಎಂದು. ಡಬ್ಬಿಯಲ್ಲಿ ಬಣ್ಣ ಉಳಿಯಿತು. ಹಾಳು ಮಾಡಬಾರದೆಂದು ಕಂಬಕ್ಕೂ ಬಳಿಸಿದೆ.

ಮೇಲಿನ ತಗಡನ್ನು ರಾಣೆಬೆನ್ನೂರಿನಲ್ಲಿ ಮಾಡಿಸಿದೆ. ಅಲ್ಲಿಯ ವೆಲ್ಡಿಂಗ್ ಅಂಗಡಿಯವನಿಗೆ ಮೊದಲು ಅರ್ಥವೇ ಆಗಲಿಲ್ಲ.

"ಗಾಲಿ ಗೇಟಿಗೆ ಹಚ್ಚತೀವ್ರಿ ಅಮ್ಮಾರ, ಮಾಳಗಿಗೆ ಯಾರ್ ಹಚ್ಚತಾರ?"

"ನಾ ಹಚ್ಚತೇನಿ. ನೀ ಮಾಡು."

ಎರಡು ಕಂಬಿಯ ಮೇಲೆ ಗಾಲಿಯ ಮಾಳಿಗೆ ಬಂದು ಕುಳಿತಿತು. ಇಡೀ ಹಿತ್ತಲಲ್ಲಿ ಒಂದು ಮೊಳ ಜಾಗವೂ ವ್ಯರ್ಥವಾಗದ ಹಾಗೆ ಕಾಶವ್ವನ ಗೋಡೆಯ ಸಮೀಪದವರೆಗೆ ಖೋಲಿ ಕಟ್ಟಿಸಿದ್ದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ. ಪವಿತ್ರಾ ಫೋನು ಮಾಡಿದಾಗಲೆಲ್ಲ, "ನೀ ಹೇಳಿದಂಗ ಎಲ್ಲಾ ನಡದೈತಿ" ಎನ್ನುತ್ತಿದ್ದೆ.

ಒಂದು ದಿನ ಕಾಶವ್ವ ಗೋಡೆಯ ಮೇಲಿಂದ ಇಣುಕಿದಳು. "ಏನ್ ಕಟ್ಟಸಾಕತ್ತೀ ನೀಲಕ್ಕಾ?"

"ಶನಿನ್ನ ನೋಡೂ ಖೋಲಿ."

ಆಕೆ ಎರಡೂ ಕೈ ಜೋಡಿಸಿದಳು. ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡು ನಾನು ಮುಖ ತಿರುಗಿಸಿದೆ.

ಸಂಕ್ರಾಂತಿ ಮುಗಿದ ಮೇಲೆ ಒಂದು ಶನಿವಾರ ಪವಿತ್ರಾ ಬಂದಳು. ಹೊತ್ತು ಮುಳುಗಿತ್ತು. ನಾನು ಮುಂದೆ, ಅವಳು ಹಿಂದೆ, ದುರ್ಬೀನು ಹೊತ್ತ ಮಲ್ಲೇಶ ಅವಳ ಹಿಂದೆ, ಮೆರವಣಿಗೆಯಲ್ಲಿ ಹಿತ್ತಲಿಗೆ ಹೋದೆವು. ಖೋಲಿಯೊಳಗೆ ಆಗಲೇ ಬೆಳಕಿತ್ತು. ಕಂಬದ ಬುಡದಲ್ಲಿ ಎಳ್ಳೆಣ್ಣೆಯ ಹಣತೆಗಳು. ಕಂಬದ ಕೊರಳಿಗೆ ಎಕ್ಕೆಯ ಹೂವಿನ ಮಾಲೆ. ತಲೆಯಿಂದ ಬುಡದವರೆಗೆ ಎಣ್ಣೆ ಇಳಿಯುತ್ತಿತ್ತು. ಕಾಶವ್ವ ಮತ್ತು ಓಣಿಯ ಹೆಂಗಸರು ಸುತ್ತು ಹಾಕುತ್ತಿದ್ದರು!

"ಬಾ ಪವಿತ್ರಾ, ಹಣಿ ಮಣಿ" ಎಂದಳು ಕಾಶವ್ವ. "ನಿಮ್ಮ ಅಜ್ಜಿ ದೊಡ್ಡ ಪುಣ್ಯದ ಕೆಲಸ ಮಾಡ್ಯಾಳ. ಶನಿದೇವರಿಗೆ ಅಂತ ನಾವು ಎಲ್ಲೆಲ್ಲಿಗೋ ಹೋಗತಿದ್ವಿ."

ಪವಿತ್ರಾ ಕಂಬ ನೋಡಿದಳು. ಗೋಡೆ ನೋಡಿದಳು. ನನ್ನನ್ನು ನೋಡಿದಳು.

"ಅಜ್ಜಿ, ಇದೇನು?"

"ಕಂಬ" ಎಂದೆ. ಮತ್ತೇನು ಹೇಳಲಿ?

ಹೆಂಗಸರನ್ನು ಹೇಗೋ ಹೊರಗೆ ಕಳಿಸಿದೆವು. ಹಣತೆ ಆರಿಸಬಾರದೆಂದು ಅವರ ಕಟ್ಟಪ್ಪಣೆ, ಆದ್ದರಿಂದ ಹೊರಗೆ ಬಚ್ಚಲ ಕಟ್ಟೆಯ ಮೇಲೆ ಇಟ್ಟೆವು. ಮಲ್ಲೇಶ ಮಾಳಿಗೆಯ ತಗಡಿಗೆ ಹೆಗಲು ಕೊಟ್ಟು ಪಡುವಲಿಗೆ ದೂಡಿದ. ಗಡಗಡ ಎಂದು ಅರ್ಧ ಸರಿಯಿತು. ಆಮೇಲೆ ಢಬ್!

"ಯಾರ್ಲೇ ಅದು? ನಮ್ಮ ಗ್ವಾಡಿ!" ಆಚೆಯಿಂದ ಕಾಶವ್ವ ಚೀರಿದಳು.

ಖೋಲಿಗೆ ಜಾಗ ನೋಡಿದ್ದೆ. ತೆರೆದ ಮಾಳಿಗೆ ಎಲ್ಲಿ ಹೋಗಿ ನಿಲ್ಲಬೇಕು ಎಂದು ನೋಡಿರಲಿಲ್ಲ.

"ಮೂಡಲಕ್ಕ ದೂಡು" ಎಂದೆ. ಮೂಡಲಿಗೆ ಬಚ್ಚಲಮನೆ. ತಗಡು ಮೊದಲಿನ ಜಾಗಕ್ಕೆ ಬಂದು ನಿಂತಿತು. ಮತ್ತೆ ಪಡುವಲಿಗೇ ದೂಡಿದೆವು. ಶನಿ ಪಡುವಲಲ್ಲಿ, ತಗಡೂ ಪಡುವಲಲ್ಲಿ. ತೆರೆದ ಅರ್ಧದಲ್ಲಿ ಬಚ್ಚಲ ಹೊಗೆ ಮಾತ್ರ ಚೆನ್ನಾಗಿ ಕಾಣುತ್ತಿತ್ತು.

"ಕಾಶವ್ವಾ, ಒಂದೀಟು ನಿಮ್ಮ ಗ್ವಾಡಿ ಮ್ಯಾಲ ಸರಸತೇವ್ವಾ" ಎಂದು ನಾನು ಸಣ್ಣ ದನಿಯಲ್ಲಿ ಕೇಳಿದೆ.

"ದೇವರ ಗುಡಿ ಅಂತ ಧೂಳಾ ತಿಂದು ಸುಮ್ಮನ ಇದ್ದೆ. ಈಗ ನೋಡಿದ್ರ ದೇವರ ತಲಿ ಮ್ಯಾಲ ಕೊಳವಿ ಕುಂದ್ರಸಾಕ ಹೊಂಟೀರಿ! ಒಂದ್ ಬೆರಳೂ ಸರಸಬ್ಯಾಡ್ರಿ!"

ಪವಿತ್ರಾ ಒಂದು ಸ್ಟೂಲು ಹತ್ತಿ ಗೋಡೆಯಾಚೆ ಇಣುಕಿದಳು. ಅವಳ ಮುಖ ಹಾಲಿನಂತೆ ಬೆಳ್ಳಗಾಯಿತು. ಹೆದರಿ ಅಲ್ಲ. ಹಿಂದಿನ ಓಣಿಯ ಕಂಬದ ಬಿಳಿ ಲೈಟು ನೆಟ್ಟಗೆ ಮುಖಕ್ಕೆ ಬಡಿಯುತ್ತಿತ್ತು.

"ಅಜ್ಜೀ, ನುಗ್ಗಿ ಗಿಡ ಎಲ್ಲಿ?"

"ನಿನ್ನ ಶನಿಗೆ ಅಡ್ಡ ಆಗತಿತ್ತು. ಕಡಸಿದೆ."

"ಶನಿ ಅದಕ್ಕಿಂತ ಎಷ್ಟೋ ಮ್ಯಾಲ ಅದಾನ! ಅದು ಆ ಲೈಟಿಗೆ ಅಡ್ಡ ಇತ್ತು. ಆ ಗಿಡ ಐತಿ ಅಂತನ ಈ ಜಾಗ ಹಿಡದಿದ್ದೆ!"

ನಾನು ಅವಳ ಸ್ಟೂಲು ಗಟ್ಟಿಯಾಗಿ ಹಿಡಿದುಕೊಂಡೆ. ಏನು ಹೇಳಿದ್ದರೂ ಗಿಡ ವಾಪಸು ಬರುತ್ತಿರಲಿಲ್ಲ.

ಮಲ್ಲೇಶನಿಗೆ ಮಾತ್ರ ಇನ್ನೂ ಹುರುಪು. "ಇಷ್ಟೆಲ್ಲಾ ಮಾಡೇವಿ, ಒಂದ್ ಸಲ ಇಟ್ಟರ ನೋಡೂಣು" ಎಂದು ದುರ್ಬೀನನ್ನು ಕಂಬದ ದುಂಡು ತಲೆಯ ಮೇಲೆ ಇಟ್ಟ. ಎಳ್ಳೆಣ್ಣೆ ತನ್ನ ಕೆಲಸ ಮಾಡಿತು. ದುರ್ಬೀನು ಜಾರಿತು. ಮಲ್ಲೇಶ ಅದನ್ನು ಹೊಟ್ಟೆಯ ಮೇಲೆ ಹಿಡಿದುಕೊಂಡು ಹಾಗೇ ಕುಳಿತ. ಅವನ ಹೊಟ್ಟೆಯ ಬಗ್ಗೆ ನಾನು ಬಹಳ ಸಲ ಆಡಿಕೊಂಡಿದ್ದೇನೆ. ಇನ್ನು ಆಡುವುದಿಲ್ಲ.

ಪವಿತ್ರಾ ದುರ್ಬೀನು ಎತ್ತಿಕೊಂಡು ಮನೆಯ ಮಾಳಿಗೆಯ ಮೆಟ್ಟಿಲು ಹತ್ತಿದಳು. ಹಿಂದೆ ನಾನೂ ಮೊಣಕಾಲು ಹಿಡಿದುಕೊಂಡು ಹತ್ತಿದೆ. ಮಾಳಿಗೆ ತುಂಬ ಮೆಣಸಿನಕಾಯಿ ಹರವಿತ್ತು. ಕಸಬರಿಗೆಯಿಂದ ಒಂದು ಮೂಲೆ ಸರಿಸಿ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿದಳು. ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಬಹಳ, ಖಾರ ಕಡಿಮೆ ಎನ್ನುತ್ತಾರೆ. ಮೂಗಿಗೆ ಅದನ್ನು ಯಾರೂ ಹೇಳಿದಂತಿಲ್ಲ. ಶನಿ ಸಿಕ್ಕಾಗಲೆಲ್ಲ ನಾನು ಸೀನುವುದು, ಸ್ಟ್ಯಾಂಡು ಅಲ್ಲಾಡುವುದು, ಅವಳು ಮತ್ತೆ ಹುಡುಕುವುದು! ಕೊನೆಗೆ ಸೆರಗಿನಿಂದ ಮೂಗು ಬಿಗಿಯಾಗಿ ಹಿಡಿದು ಕಣ್ಣಿಟ್ಟೆ.

ಕಂಡ. ಸಣ್ಣ ಹಳದಿ ಗುಂಡು. ಅಡ್ಡಕ್ಕೆ ಕೂದಲೆಳೆಯಂಥ ಒಂದು ಗೆರೆ. ಅಷ್ಟೇ.

"ಬಳಿ ಎಲ್ಲಿ?"

ಪವಿತ್ರಾ ಸ್ಟ್ಯಾಂಡಿನ ತಿರುಪು ಬಿಗಿ ಮಾಡಿದಳು. "ಅವತ್ತ ನಿನಗ ಪೂರಾ ಹೇಳಲಿಲ್ಲ ನಾ. ಈ ವರ್ಷ ಬಳಿ ಅಂಚು ನಮ್ಮ ಕಡೆ ತಿರುಗೇತಿ ಅಜ್ಜಿ. ಭಾಳ ತೆಳ್ಳಗ, ಕಂಡೂ ಕಾಣದಂಗ. ಹಿಂಗ ಆಗೂದು ಭಾಳ ಅಪರೂಪ. ಆ ಗೆರಿ ಐತೆಲ್ಲಾ, ಅದ ಬಳಿ. ಕೆಲವು ವರ್ಷ ತಡದ್ರ ಮತ್ತ ಪೂರಾ ಕಾಣತೈತಿ."

"ಅವಗ ಮತ್ತ ಬರತಾವ ಅನ್ನು" ಎಂದೆ.

"ಅಂದ್ರ?"

"ಏನಿಲ್ಲ. ಬರೇ ಕೈಲೆ ಅದಾನ ಅಂದೆ."

ಹುಡುಗಿ ನನ್ನ ಕೈ ನೋಡಿದಳು. ನಾನು ಸೆರಗಿನೊಳಗೆ ಎಳೆದುಕೊಂಡು ಇನ್ನೊಮ್ಮೆ ಸೀನಿದೆ. ಶನಿ ದುರ್ಬೀನಿನಿಂದ ಹೊರಗೆ ಹೋದ. ಹುಡುಕಬೇಡ ಎಂದೆ.

ಖೋಲಿ ಕೆಡವಬೇಕೆಂದು ಫಕೀರಪ್ಪನನ್ನು ಕರೆಸಿದೆ. ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ನಿಂತ. "ಏನರ ಹೇಳ್ರಿ ಅಮ್ಮಾರ, ದೇವರ ಮ್ಯಾಲ ಹಾರಿ ಎತ್ತೂದಿಲ್ರಿ ನಾ" ಎಂದ. ತನ್ನ ಅಂಗೈಯಿಂದಲೇ ತಿಕ್ಕಿ ಮಾಡಿದ ದೇವರು! ಕಾಶವ್ವ ಈಗ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಆದರೆ ಶನಿವಾರ ತಪ್ಪದೆ ನನ್ನ ಹಿತ್ತಲಿಗೆ ಬಂದು ಕಂಬಕ್ಕೆ ಕೈ ಮುಗಿದು ಹೋಗುತ್ತಾಳೆ. ನುಗ್ಗಿಕಾಯಿ ಸಂತೆಯಿಂದ ತರಿಸುತ್ತೇವೆ. ಅರಿವೆ ಒಗೆಯಲು ಜಾಗವಿಲ್ಲ. ಮೊನ್ನೆ ಬಸ್‌ಸ್ಟ್ಯಾಂಡಿನಿಂದ ಬಂದ ಯಾರೋ ಓಣಿಯಲ್ಲಿ ದಾರಿ ಕೇಳುತ್ತಿದ್ದರು, "ಇಲ್ಲಿ ಶನಿ ಮನಿ ಯಾವುದ್ರಿ?" ಎಂದು. ಎಲ್ಲರೂ ನಮ್ಮ ಬಾಗಿಲ ಕಡೆ ಬೆರಳು ಮಾಡಿದರು.

ನನ್ನ ಅತ್ತೆ ಜೀವ ಇರುವವರೆಗೂ ಈ ಮನೆಗೆ ಶನಿ ಹೊಕ್ಕಿದೆ ಎಂದು ಸಾರಿದಳು. ಒಬ್ಬರೂ ನಂಬಿ ಒಂದು ಹನಿ ಎಣ್ಣೆ ತಂದಿರಲಿಲ್ಲ. ನಾನು ಗೌಂಡಿ ಹಚ್ಚಿ, ಕಪ್ಪು ಬಣ್ಣ ಬಳಿಸಿ, ಬಾಗಿಲು ಕೂಡಿಸಿ ಆಕೆಯ ಮಾತನ್ನು ಊರಿಗೆಲ್ಲ ಖರೆ ಮಾಡಿ ತೋರಿಸಿದೆ!

ಇಂಥ ಸೊಸೆ ಯಾವ ಅತ್ತೆಗೆ ಸಿಕ್ಕಾಳು?