ಸೋಮವಾರ ಗಾಡಿ ಹೂಡಿದ ರೈತರಿಗೆ

॥ ಶ್ರೀ ಗುರುಬಸವಲಿಂಗಾಯ ನಮಃ ॥

ಸತ್ತಿ, ವಿಭವ ಸಂವತ್ಸರದ ಮಾರ್ಗಶಿರ ಶುದ್ಧ ಪಂಚಮಿ.

ಹತ್ತನೆಯ ಇಯತ್ತೆಯ ಗಣಿತದ ಪ್ರಶ್ನೆಪತ್ರಿಕೆಯಲ್ಲಿ ಸುಖವಾಗಿ ವಾಸಿಸುತ್ತಿರುವ ಮಾನ್ಯ ರೈತಮಹಾಶಯರೇ,

ಕೃಷ್ಣೆಯ ದಂಡೆಯಿಂದ ಮುರಗೆಪ್ಪನು ಮಾಡುವ ಶರಣು ಶರಣಾರ್ಥಿ. ತಾವು ಸೋಮವಾರ ಸೂರ್ಯೋದಯಕ್ಕೆ ಕಬ್ಬಿನ ಗಾಡಿ ಹೂಡಿ, ಗಂಟೆಗೆ ಮೂರು ಕಿಲೋಮೀಟರಿನಂತೆ ಕಾರಖಾನೆಗೆ ಹೊರಟಿರೆಂದೂ, ತಮ್ಮ ಪಯಣದ ಸಮೀಕರಣ ಬರೆದು ನಕ್ಷೆ ಎಳೆಯಬೇಕೆಂದೂ ರಾವಸಾಹೇಬ ಮಾಸ್ತರರು ಪರೀಕ್ಷೆಯಲ್ಲಿ ಕೇಳಿದರು. ನನ್ನ ಮೊಮ್ಮಗಳು ಗಿರಿಜಾ, ಅಡ್ಡ ಅಕ್ಷದ ಮೇಲೆ ಕಾಲವನ್ನೂ ನಿಂತ ಅಕ್ಷದ ಮೇಲೆ ದೂರವನ್ನೂ ಗುರುತಿಸಿ, ಬಸವಣ್ಣನ ವಾರವಾದ ಸೋಮವಾರದಂದು ನಮ್ಮ ಸೀಮೆಯಲ್ಲಿ ಯಾರೂ ಎತ್ತಿನ ಹೆಗಲಿಗೆ ನೊಗವಿಡುವುದಿಲ್ಲವಾದ್ದರಿಂದ, ದೂರವು ಸದಾ ಸೊನ್ನೆಯೆಂದು ಸಮೀಕರಣ ಬರೆದು, ಅಡ್ಡ ಅಕ್ಷದ ಮೇಲೆಯೇ ಸ್ಕೇಲಿಟ್ಟು ರೇಖೆ ಎಳೆದಳು.

“ಗೆರಿ ಎಲ್ಲಿ ಐತವ್ವಾ?” ಎಂದರು ಮಾಸ್ತರರು.

“ಅಕ್ಷದ ಮ್ಯಾಲ ಮಲಗೈತ್ರಿ ಸರ. ಎತ್ತ ಗ್ವಾದಲ್ಯಾಗ ಮೇಯಾಕತ್ತಿದ್ರ ಗೆರಿ ಹೆಂಗ ಏರತೈತ್ರಿ?” ಎಂದಳು ಇವಳು.

ಆ ಉತ್ತರಕ್ಕೆ ಅಂಕ ಬೀಳದೆ ಗಿರಿಜಾ ಗಣಿತದಲ್ಲಿ ನಪಾಸಾದಳು. ನಪಾಸಾದರೆ ಸಾಲಿ ಬಿಡಿಸಿ ಅನಂತಪುರದ ವರನಿಗೆ ಕೊಡುವೆನೆಂದು ಆಕೆಯ ತಂದೆ, ಅಂದರೆ ನನ್ನ ಮಗ ಲಗಮಣ್ಣ, ಮೊದಲೇ ಆಡಿಬಿಟ್ಟಿದ್ದಾನೆ.

ತಮ್ಮ ಎತ್ತುಗಳನ್ನು ಎಷ್ಟು ಕೊಂಡಾಡಿದರೂ ಸಾಲದು. ಅವು ಹಳ್ಳದ ನೀರಿಗೆ ಮೂತಿಯಿಡವು, ಸಗಣಿ ಹಾಕಲು ನಿಲ್ಲವು, ಏರಿನಲ್ಲಿ ಏದುಸಿರು ಬಿಡವು. ಕಾರಖಾನೆಯ ಬಾಗಿಲಲ್ಲಿ ಗಾಡಿಗಳ ಸಾಲು ಎದುರಾದರೂ ಅದೇ ವೇಗದಲ್ಲಿ ಕಾಗದದ ಅಂಚಿನವರೆಗೆ ನೆಟ್ಟಗೆ ಸಾಗುತ್ತವೆ. ಆ ತಳಿಯ ಹೋರಿಗರುವೊಂದನ್ನು ನಮಗೂ ದಯಪಾಲಿಸಬೇಕು. ಅದಕ್ಕೂ ಮೊದಲು ತಾವು ಗಾಡಿಸಮೇತ ಶಾಲೆಗೆ ಚಿತ್ತೈಸಿ, ಆ ಸೋಮವಾರ ಮನೆಯಲ್ಲಿಯೇ ಇದ್ದುದಾಗಿ ಸಾಕ್ಷಿ ನುಡಿಯಬೇಕು. ಬಿಡುವಿಲ್ಲದಿದ್ದರೆ ಪಯಣವನ್ನಾದರೂ ಮಂಗಳವಾರಕ್ಕೆ ಮುಂದೂಡಬೇಕು. ಮಂಗಳವಾರವಾದರೆ ದೂರವು ಕಾಲದ ಮೂರು ಪಟ್ಟೆಂದು ಬರೆದು, ಮೂಲಬಿಂದುವಿನಿಂದ ಆಕೆ ಎಳೆದ ಓರೆಗೆರೆಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಅದರಲ್ಲಿ ಕೂದಲೆಳೆಯಷ್ಟೂ ಸೊಟ್ಟಿಲ್ಲ.

ತಮ್ಮ ವಿಶ್ವಾಸಿ,
ಮುರಗೆಪ್ಪ

ತಾ.ಕ.: ಮಾಸ್ತರರು ತಮ್ಮನ್ನು ಸೃಷ್ಟಿಸಿದ್ದು ಒಂದು ಸೋಮವಾರ, ಸ್ವಂತ ಎತ್ತುಗಳ ಮೈತೊಳೆದು ನೆರಳಿಗೆ ಕಟ್ಟಿ, ಕಟ್ಟೆಯ ಮೇಲೆ ಬಿಡುವಾಗಿ ಕುಳಿತಾಗ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಮ್ಮ ವಿಳಾಸ ತಿಳಿಯದೆ ಈ ಪತ್ರವನ್ನು ಪತ್ರಿಕೆಯ ಅಚ್ಚಿಗೆ ಕಳಿಸುವ ಮುನ್ನ ಅವರಿಗೇ ಒಮ್ಮೆ ಓದಿ ತೋರಿಸಿದೆ; ಅವರು ಆ ಮಲಗಿದ ಗೆರೆಗೆ ಅಂಕ ಕೊಟ್ಟರು, ಗಿರಿಜಾ ಪಾಸಾದಳು. ಅವರಿಗೂ, ಅವರ ಎತ್ತುಗಳಿಗೂ, ಹುಡುಗಿಗೂ, ಬೇರೆ ಮನೆಗೆ ಹೆಣ್ಣು ನೋಡಲು ಹೋಗಬೇಕಾಗಿರುವ ಅನಂತಪುರದ ವರನಿಗೂ, ತಮಗೂ ಬಸವೇಶನು ಸನ್ಮಂಗಳವನ್ನುಂಟುಮಾಡಲಿ.